ಎರಡು ಟಿಕೆಟ್ಟಿನ ನಡುವಿನ ಒಂಬತ್ತು ಗಂಟೆ

ವಿಮಾನದ ಟಿಕೆಟ್ ಹುಡುಕೋಕೆ ಕೂತ ಯಾರಿಗಾದರೂ ಈ ಲೆಕ್ಕ ಗೊತ್ತಿರುತ್ತೆ. ಬೆಂಗಳೂರಿನಿಂದ ಯುರೋಪಿನ ಯಾವುದೋ ಸಣ್ಣ ಊರಿಗೆ ಒಂದೇ ಟಿಕೆಟ್ ತಗೊಂಡ್ರೆ ಒಂದು ರೇಟು. ಅದೇ ದಾರಿಯನ್ನು ಎರಡು ತುಂಡು ಮಾಡಿ, ಲಂಡನ್‌ವರೆಗೆ ಒಂದು ಕಂಪನಿ, ಅಲ್ಲಿಂದ ಮುಂದಕ್ಕೆ ಇನ್ನೊಂದು ಅಗ್ಗದ ಕಂಪನಿ ಅಂತ ಬೇರೆ ಬೇರೆ ಟಿಕೆಟ್ ತಗೊಂಡ್ರೆ ಎಷ್ಟೋ ಸಲ ರೇಟು ಇಳಿಯುತ್ತೆ. ನಡುವೆ ಒಂಬತ್ತು ಗಂಟೆ ಲೇಓವರ್. "ಒಂಬತ್ತು ಗಂಟೆ ಇದೆಯಲ್ಲಪ್ಪ, ಕಾಫಿ ಕುಡ್ಕೊಂಡು, ಮೊಬೈಲ್ ನೋಡ್ಕೊಂಡು ಕಳೆದ್ರಾಯ್ತು" ಅನ್ನಿಸುತ್ತೆ.

ಕಳೆಯೋದೇನೂ ಕಷ್ಟವಲ್ಲ. ಪ್ರಶ್ನೆ ಬೇರೆ. ಆ ಒಂಬತ್ತು ಗಂಟೆ ಯಾರದ್ದು? ಮೊದಲ ವಿಮಾನ ತಡವಾದರೆ, ಬ್ಯಾಗ್ ಬರದಿದ್ದರೆ, ಕೌಂಟರಿನಲ್ಲಿ "ನಿಮ್ಮನ್ನ ಹತ್ತಿಸೋಕಾಗಲ್ಲ" ಅಂದುಬಿಟ್ಟರೆ ಹೊಣೆ ಯಾರು? ಉತ್ತರ ಟಿಕೆಟ್ಟಿನ ಷರತ್ತುಗಳ ಸಣ್ಣ ಅಕ್ಷರದಲ್ಲಿದೆ, ನಿಜ. ಆದರೆ ಆ ಸಣ್ಣ ಅಕ್ಷರ ಯಾಕೆ ಹಾಗಿದೆ ಅನ್ನೋದರ ಹಿಂದೆ ಹತ್ತಿರ ಹತ್ತಿರ ನೂರು ವರ್ಷದ ಕಥೆ ಇದೆ. ಆ ಕಥೆ ಗೊತ್ತಿದ್ದರೆ ಯಾವಾಗ ದುಡ್ಡು ಉಳಿಸಬೇಕು, ಯಾವಾಗ ಉಳಿಸಬಾರದು ಅನ್ನೋದು ತಾನಾಗೇ ತಿಳಿಯುತ್ತೆ.

ರೈಲು, ದೋಣಿ, ಕೋಟೆ ಎಲ್ಲಾ ಸೇರಿ ಒಂದೇ ಟಿಕೆಟ್

1929ರ ಮಾರ್ಚ್ 30ರಂದು ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಲಂಡನ್‌ನಿಂದ ಕರಾಚಿಗೆ ವಿಮಾನ ಸೇವೆ ಶುರು ಮಾಡಿತು. ವಿಮಾನ ಸೇವೆ ಅಂದರೆ ಈಗಿನ ಹಾಗೆ ಹತ್ತಿ ಕೂತು ಇಳಿಯೋದಲ್ಲ. ಲಂಡನ್ ಪಕ್ಕದ ಕ್ರಾಯ್ಡನ್‌ನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ವರೆಗೆ ಒಂದು ವಿಮಾನ. ಅಲ್ಲಿಂದ ಆಲ್ಪ್ಸ್ ಪರ್ವತ ದಾಟಿ ಇಟಲಿಯ ಜಿನೋವಾಕ್ಕೆ ರೈಲು. ಜಿನೋವಾದಿಂದ ಈಜಿಪ್ಟಿನವರೆಗೆ ನೀರಿನ ಮೇಲೆ ಇಳಿಯುವ ಹಾರುವ ದೋಣಿ. ಆಮೇಲೆ ಮರಳುಗಾಡಿನ ಮೇಲೆ ಮತ್ತೊಂದು ವಿಮಾನ. ಒಟ್ಟು ಏಳು ದಿನ, ಟಿಕೆಟ್ ಬೆಲೆ 130 ಪೌಂಡ್.

ಏಳು ದಿನದ ಪ್ರಯಾಣವೆಂದರೆ ಅರ್ಧಕ್ಕರ್ಧ ಲೇಓವರ್ರೇ. ಆದರೆ ರಾತ್ರಿ ತಂಗುವ ಹೋಟೆಲ್ಲು, ಊಟ, ಒಂದು ವಾಹನದಿಂದ ಇನ್ನೊಂದಕ್ಕೆ ಸಾಮಾನು ಸಾಗಿಸೋದು ಎಲ್ಲವೂ ಆ ಟಿಕೆಟ್ಟಿನೊಳಗೇ ಸೇರಿತ್ತು. ರೈಲು ಹತ್ತಿದರೂ ನೀವು ಇಂಪೀರಿಯಲ್ ಏರ್‌ವೇಸಿನ ಗಿರಾಕಿಯೇ. ದಾರಿ ಕೊಲ್ಲಿಯ ದಕ್ಷಿಣ ದಂಡೆಗೆ ಬದಲಾದಾಗ ಕಂಪನಿ 1932ರಲ್ಲಿ ಶಾರ್ಜಾದ ದೊರೆಯ ಜೊತೆ ಕರಾರು ಮಾಡಿಕೊಂಡಿತು. ಪ್ರಯಾಣಿಕರು ರಾತ್ರಿ ಮಲಗೋದಕ್ಕೆ ಅಲ್ಲಿ ಕೋಟೆಯ ಹಾಗಿರುವ ತಂಗುಮನೆ ಎದ್ದಿತು. ಅದು ಈಗಲೂ ಇದೆ, ಅಲ್ ಮಹತ್ತಾ ಅನ್ನೋ ಮ್ಯೂಸಿಯಂ ಆಗಿ. ಕಾಯುವ ಹೊತ್ತು ಪ್ರಯಾಣಿಕನದ್ದಲ್ಲ, ಸಾಗಿಸುವವನದ್ದು ಅನ್ನೋ ಲೆಕ್ಕಕ್ಕೆ ನಿಂತಿರುವ ಸಾಕ್ಷಿ ಆ ಕಟ್ಟಡ.

ಬಳ್ಳಾರಿಗೆ ಬಂದ ಟಪಾಲು

ಕಂಪನಿಯೇ ಬದಲಾದರೆ? ಅದಕ್ಕೆ ನಮ್ಮ ಕಡೆಯದೇ ಉದಾಹರಣೆ ಇದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಬೊಂಬಾಯಿಗೆ ಪುಟ್ಟದೊಂದು ಪುಸ್ ಮಾತ್ ವಿಮಾನ ಹಾರಿಸಿಕೊಂಡು ಬಂದರು. ಅದರಲ್ಲಿ ಇದ್ದದ್ದು ಇಂಪೀರಿಯಲ್ ಏರ್‌ವೇಸ್ ಕರಾಚಿವರೆಗೆ ತಂದಿದ್ದ ಟಪಾಲು. ಬೊಂಬಾಯಿಯಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿ ಮೇಲೆ ಮದ್ರಾಸಿಗೆ ಒಯ್ದರು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ.

ಇಲ್ಲಿ ಗಮನಿಸಬೇಕಾದ್ದು ಇದು. ಲಂಡನ್‌ನಲ್ಲಿ ಡಬ್ಬಿಗೆ ಹಾಕಿದ ಕಾಗದ ಒಂದು ಕಂಪನಿಯ ಕೈಯಿಂದ ಇನ್ನೊಂದರ ಕೈಗೆ ಹೋಯಿತು. ಆದರೆ ಕಾಗದ ಬರೆದವರು ಕರಾಚಿಗೆ ಹೋಗಿ ಅದನ್ನು ಎತ್ತಿಕೊಂಡು ಮತ್ತೆ ಅಂಚೆಗೆ ಹಾಕಬೇಕಾಗಿ ಬರಲಿಲ್ಲ. ಈ ತುದಿಯಿಂದ ಆ ತುದಿವರೆಗೆ ಅಂಚೆ ಇಲಾಖೆ ಅನ್ನೋ ಒಬ್ಬ ಹೊಣೆಗಾರ ಇದ್ದ. ಎರಡು ಬೇರೆ ಟಿಕೆಟ್ ತಗೊಂಡು ಹೋಗೋ ನಮಗೆ ಇವತ್ತು ಇಲ್ಲದಿರೋದು ಆ ಒಬ್ಬ ಹೊಣೆಗಾರನೇ.

ಕಾನೂನು ಕಟ್ಟಿದ ಸರಪಳಿ

ಈ ಹೊಣೆಯನ್ನು ಕಾನೂನಾಗಿ ಬರೆದದ್ದು 1929ರ ಅಕ್ಟೋಬರ್ 12ರ ವಾರ್ಸಾ ಒಪ್ಪಂದ. ಹಲವು ಕಂಪನಿಗಳು ಒಂದಾದ ಮೇಲೊಂದು ಸಾಗಿಸಿದರೂ, ಎರಡೂ ಕಡೆಯವರು ಅದನ್ನು ಒಂದೇ ಪ್ರಯಾಣವೆಂದು ಒಪ್ಪಿದ್ದರೆ ಕಾನೂನಿನ ಕಣ್ಣಿಗೆ ಅದು ಅಖಂಡ ಪ್ರಯಾಣ. ಬ್ಯಾಗ್ ಕಳೆದುಹೋದರೆ ಮೊದಲ ಕಂಪನಿಯನ್ನೂ ಕೇಳಬಹುದು, ಕೊನೆಯ ಕಂಪನಿಯನ್ನೂ ಕೇಳಬಹುದು, ಕಳೆದವರನ್ನೂ ಕೇಳಬಹುದು. ಇದರ ಜಾಗಕ್ಕೆ ಬಂದ 1999ರ ಮಾಂಟ್ರಿಯಲ್ ಒಪ್ಪಂದದಲ್ಲೂ ಇದೇ ತತ್ವ ಇದೆ. ಭಾರತದಲ್ಲಿ ಅದು 2009ರಿಂದ ಜಾರಿಯಲ್ಲಿದೆ. ಆದರೆ "ಎರಡೂ ಕಡೆಯವರು ಒಪ್ಪಿದ್ದರೆ" ಅನ್ನೋ ಮಾತು ನೆನಪಿರಲಿ. ನೀವು ಬೇರೆ ತಗೊಂಡ ಎರಡನೇ ಟಿಕೆಟ್ಟಿನ ಸುದ್ದಿಯೇ ಮೊದಲ ಕಂಪನಿಗೆ ಗೊತ್ತಿರಲ್ಲ. ಗೊತ್ತಿಲ್ಲದ್ದನ್ನು ಅದು ಒಪ್ಪೋದು ಹೇಗೆ?

ಯುದ್ಧ ಮುಗಿಯುವ ಹೊತ್ತಿಗೆ, 1945ರ ಏಪ್ರಿಲ್‌ನಲ್ಲಿ, ಕ್ಯೂಬಾದ ಹವಾನಾದಲ್ಲಿ ಸೇರಿದ ವಿಮಾನ ಕಂಪನಿಗಳು ಐಯಾಟಾ ಅನ್ನೋ ಸಂಘ ಕಟ್ಟಿಕೊಂಡವು. ಒಬ್ಬರ ಟಿಕೆಟ್ಟನ್ನು ಇನ್ನೊಬ್ಬರು ಒಪ್ಪೋದು, ಒಬ್ಬರು ಹಾಕಿದ ಬ್ಯಾಗಿನ ಟ್ಯಾಗನ್ನು ಇನ್ನೊಬ್ಬರು ಓದೋದು ಇವೆಲ್ಲ ಪಳಗಿದ್ದು ಇದರ ಕೆಳಗೆ. ಇದಕ್ಕೆ ಇಂಟರ್‌ಲೈನ್ ಅಂತ ಹೆಸರು. ಟಿಕೆಟ್ ಅಂದರೆ ಕೂಪನ್‌ಗಳ ಸಣ್ಣ ಪುಸ್ತಕ. ಒಂದೊಂದು ಹಾರಾಟಕ್ಕೆ ಒಂದೊಂದು ಹಾಳೆ ಹರಿದುಕೊಳ್ಳೋರು. ಪ್ರಯಾಣಿಕ ದುಡ್ಡು ಕೊಟ್ಟದ್ದು ಒಬ್ಬರಿಗೆ, ಹಾರಿಸಿದವರು ಮೂವರು. ಅವರವರ ಪಾಲು ಹಂಚೋದಕ್ಕೆ 1947ರಲ್ಲಿ ಒಂದು ಕ್ಲಿಯರಿಂಗ್ ಹೌಸ್ ಶುರುವಾಯಿತು. ಬ್ಯಾಂಕುಗಳು ಪರಸ್ಪರ ಚೆಕ್ ತೀರಿಸಿಕೊಳ್ಳೋ ಹಾಗೇ ಇದು.

ಅದೇ 1947ರಲ್ಲಿ ಐರ್ಲೆಂಡಿನಲ್ಲಿ ಇನ್ನೊಂದು ಕೆಲಸ ಆಯಿತು. ಅಟ್ಲಾಂಟಿಕ್ ದಾಟುವ ವಿಮಾನಗಳು ಇಂಧನಕ್ಕೆ ಶಾನನ್‌ನಲ್ಲಿ ಇಳಿಯುತ್ತಿದ್ದವು. ಅಲ್ಲಿ ಇಳಿದು ಮತ್ತೆ ಹತ್ತುವವರು ದೇಶದೊಳಗೆ ಬಂದವರೇ ಅಲ್ಲ, ಹಾಗಾಗಿ ಸುಂಕವೂ ಬೇಡ ಅಂತ ಕಾನೂನಾಯಿತು. ಬ್ರೆಂಡನ್ ಒ'ರೀಗನ್ ಅಲ್ಲೇ ಡ್ಯೂಟಿ ಫ್ರೀ ಅಂಗಡಿ ತೆರೆದರು. ನಾವು ಅಂಗಡಿಯನ್ನಷ್ಟೇ ನೋಡ್ತೀವಿ. ಅದರ ಹಿಂದಿರುವ ವಿಚಾರ ದೊಡ್ಡದು: ಕಾಲು ನೆಲದ ಮೇಲಿದ್ದರೂ ಆ ದೇಶಕ್ಕೆ ಬಂದಿಲ್ಲ ಅನ್ನೋ ಮನುಷ್ಯ. ಟ್ರಾನ್ಸಿಟ್ ಪ್ರಯಾಣಿಕ ಅಂದರೆ ಅವನೇ.

ಸರಪಳಿ ಕಡಿದದ್ದು ಯಾಕೆ?

ಇಷ್ಟೆಲ್ಲ ಅನುಕೂಲ ಪುಕ್ಕಟೆ ಬರಲಿಲ್ಲ. ಟಿಕೆಟ್ ಬೆಲೆಯನ್ನು ಕಂಪನಿಗಳು, ಸರ್ಕಾರಗಳು ಸೇರಿ ನಿಗದಿ ಮಾಡುತ್ತಿದ್ದ ಕಾಲ ಅದು. ಸಾಮಾನ್ಯರಿಗೆ ವಿಮಾನ ಅಂದರೆ ತಲೆ ಎತ್ತಿ ನೋಡೋ ವಸ್ತು.

ಅಮೆರಿಕದ ಟೆಕ್ಸಸ್‌ನಲ್ಲಿ 1971ರ ಜೂನ್‌ನಲ್ಲಿ ಶುರುವಾದ ಸೌತ್‌ವೆಸ್ಟ್ ಬೇರೆ ದಾರಿ ಹಿಡಿಯಿತು. ಮರುವರ್ಷ ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಗಿ ಬಂದಾಗ, ಉಳಿದ ಮೂರರಲ್ಲೇ ಅಷ್ಟೂ ಟ್ರಿಪ್ ಹೊಡೆಯಲು ಇಳಿದ ಹತ್ತು ನಿಮಿಷಕ್ಕೆ ಮತ್ತೆ ಹಾರುವ ಪದ್ಧತಿ ತಂದಿತು. ಹತ್ತು ನಿಮಿಷದಲ್ಲಿ ಹೊರಡೋ ವಿಮಾನ ಇನ್ನೊಬ್ಬರ ತಡವಾದ ಬ್ಯಾಗಿಗೆ ಕಾಯುತ್ತಾ? ಹಾಗಾಗಿ ಇಂಟರ್‌ಲೈನ್ ಸಹವಾಸವೇ ಬೇಡ ಅಂತ ಬಿಟ್ಟರು. 1978ರ ಅಕ್ಟೋಬರ್‌ನಲ್ಲಿ ಅಮೆರಿಕ, 1990ರ ದಶಕದಲ್ಲಿ ಯುರೋಪು ವಿಮಾನ ಮಾರುಕಟ್ಟೆಯ ಕಟ್ಟು ಸಡಿಲಿಸಿದವು. ನಮ್ಮಲ್ಲಿ 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿದರು. ಬಸ್ಸಿನಲ್ಲಿ ಓಡಾಡುತ್ತಿದ್ದವರು ವಿಮಾನ ಹತ್ತಿದ್ದು ಆಗ. ಅಗ್ಗ ಆದದ್ದು ಸುಮ್ಮನೆ ಅಲ್ಲ. ಊಟ ತೆಗೆದರು, ಏಜೆಂಟ್ ಕಮಿಷನ್ ತೆಗೆದರು, ಜೊತೆಗೆ ಮುಂದಿನ ವಿಮಾನದ ಹೊಣೆಯನ್ನೂ ತೆಗೆದರು. ಬಿಂದುವಿನಿಂದ ಬಿಂದುವಿಗೆ, ಅಷ್ಟೇ.

ಕೂಪನ್ ಪುಸ್ತಕವೂ ಹೋಯಿತು. 2008ರ ಜೂನ್ 1ರಿಂದ ಐಯಾಟಾ ಕಾಗದದ ಟಿಕೆಟ್ ನಿಲ್ಲಿಸಿತು. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು ಅದಕ್ಕೆ ಎಂಟೇ ದಿನ ಮುಂಚೆ, ಮೇ 24ರಂದು. ಟಿಕೆಟ್ ಅಂದರೆ ಈಗ ಕಂಪ್ಯೂಟರಿನಲ್ಲಿರುವ ಒಂದು ದಾಖಲೆ. ನನ್ನ ಕಸುಬಿನ ಭಾಷೆಯಲ್ಲಿ ಹೇಳೋದಾದರೆ, ಒಂದೇ ಪಿಎನ್‌ಆರ್ ಅಂದರೆ ಒಂದೇ ರೆಕಾರ್ಡು. ಮೊದಲ ಹಾರಾಟ ತಡವಾದರೆ ಸಿಸ್ಟಮ್ಮಿಗೆ ಮುಂದಿನದ್ದೂ ಕಾಣುತ್ತೆ, ಬೇರೆ ವಿಮಾನ ಹುಡುಕುತ್ತೆ. ಎರಡು ಪಿಎನ್‌ಆರ್ ಅಂದರೆ ಒಂದಕ್ಕೊಂದು ಪರಿಚಯವೇ ಇಲ್ಲದ ಎರಡು ರೆಕಾರ್ಡು. ಅವೆರಡರ ನಡುವಿನ ಕೊಂಡಿ ನಿಮ್ಮ ತಲೆಯಲ್ಲಿ ಮಾತ್ರ ಇರೋದು.

2012ರಲ್ಲಿ ಜೆಕ್ ದೇಶದ ಬರ್ನೋ ಊರಿನಲ್ಲಿ ಶುರುವಾದ ಸ್ಕೈಪಿಕರ್, ಈಗಿನ ಕಿವಿ ಡಾಟ್ ಕಾಮ್, ಇಂಥ ಬಿಡಿ ಟಿಕೆಟ್‌ಗಳನ್ನು ಸಾಫ್ಟ್‌ವೇರಿನಿಂದ ಹೊಲಿದು ಒಂದೇ ಬೆಲೆಗೆ ತೋರಿಸೋ ವ್ಯಾಪಾರ ಬೆಳೆಸಿತು. ಇಂಥ ತಾಣಗಳು ಗ್ಯಾರಂಟಿಯನ್ನೂ ಮಾರುತ್ತವೆ. ಆದರೆ ಅದು ಮಾರಿದವರ ಮಾತು, ಹಾರಿಸುವ ಕಂಪನಿಯ ಮಾತಲ್ಲ. ತಮಾಷೆ ಅಂದರೆ ನಮ್ಮ ರೈಲ್ವೆ ಇದರಲ್ಲಿ ವಾಸಿ. 2019ರ ಏಪ್ರಿಲ್‌ನಿಂದ ಎರಡು ರೈಲಿನ ಪಿಎನ್‌ಆರ್ ಜೋಡಿಸಿಕೊಂಡರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಪ್ರಯಾಣ ಮಾಡದ ಭಾಗದ ದುಡ್ಡು ವಾಪಸ್ ಸಿಗುವ ವ್ಯವಸ್ಥೆ ಬಂತು.

ಹಾಗಾದರೆ ಆ ಒಂಬತ್ತು ಗಂಟೆ

ಈಗ ಲಂಡನ್‌ನಲ್ಲಿ ಇಳಿದ ಆ ಒಂಬತ್ತು ಗಂಟೆಗೆ ಬನ್ನಿ. ನಿಮ್ಮ ಮೊದಲ ಟಿಕೆಟ್ ಅಲ್ಲಿಗೆ ಮುಗಿಯಿತು. ಬ್ಯಾಗ್ ಬೆಲ್ಟಿನ ಮೇಲೆ ಬಂದು ಬೀಳುತ್ತೆ. ಬೆಲ್ಟ್ ಇರೋದು ಇಮಿಗ್ರೇಶನ್ ಆಚೆ. ಶಾನನ್ ಕಾಲದ "ದೇಶಕ್ಕೆ ಬಾರದ ಮನುಷ್ಯ" ನೀವೀಗ ಅಲ್ಲ, ಬ್ಯಾಗಿಗೋಸ್ಕರ ದೇಶದೊಳಗೆ ಬರಲೇಬೇಕು. ಅದಕ್ಕೆ ವೀಸಾ ಬೇಕು. ಬ್ರಿಟನ್ನಿನಲ್ಲಿ ಟ್ರಾನ್ಸಿಟ್ ವೀಸಾದಲ್ಲೇ ಎರಡು ಬಗೆ ಇದೆ. ಗಡಿ ದಾಟದೆ ಒಳಗೇ ವಿಮಾನ ಬದಲಿಸೋಕೆ ಒಂದು, ಗಡಿ ದಾಟೋಕೆ ಇನ್ನೊಂದು. ಮೊದಲನೆಯದು ಇಟ್ಟುಕೊಂಡು ಬ್ಯಾಗ್ ತರೋಕೆ ಆಗಲ್ಲ.

ಇದು ಲಂಡನ್‌ನಲ್ಲಿ ಗೊತ್ತಾಗುತ್ತೆ ಅಂದುಕೊಳ್ಳಬೇಡಿ, ಬೆಂಗಳೂರಿನ ಕೌಂಟರಿನಲ್ಲೇ ಗೊತ್ತಾಗುತ್ತೆ. ಕಾಗದಪತ್ರ ಸರಿಯಿಲ್ಲದವರನ್ನು ಕರೆತಂದರೆ ತಲಾ 1,000 ಪೌಂಡ್ ದಂಡ ಅಂತ ಬ್ರಿಟನ್ 1987ರಲ್ಲೇ ಕಾನೂನು ಮಾಡಿತು, ಆಮೇಲೆ ದಂಡ ಏರಿತು. ದಂಡದ ಭಯದಿಂದ ಕೌಂಟರಿನವರು ಇಲ್ಲೇ ತಡೀತಾರೆ. ಅವರ ಸ್ಕ್ರೀನಿನಲ್ಲಿ ನೀವು ಲಂಡನ್‌ಗೆ ಹೋಗುವವರು, ಮುಂದಕ್ಕೆ ಹೋಗುವವರಲ್ಲ. ವೀಸಾ ನಿಯಮ ಬದಲಾಗುತ್ತಲೇ ಇರುತ್ತೆ, ಆದ್ದರಿಂದ ಟಿಕೆಟ್ ತಗೊಳ್ಳೋಕೆ ಮುಂಚೆ ಆಯಾ ದೇಶದ ಸರ್ಕಾರಿ ಪುಟವನ್ನೇ ನೋಡಿ.

ಸರಿ, ವೀಸಾ ಇದೆ, ಹೊರಗೆ ಬಂದಿರಿ. ಮುಂದಿನ ಕಂಪನಿಯ ಬ್ಯಾಗಿನ ಕೌಂಟರ್ ಹಾರಾಟಕ್ಕೆ ಎರಡು ಮೂರು ಗಂಟೆ ಮುಂಚೆಯಷ್ಟೇ ತೆರೆಯೋದು ಸಾಮಾನ್ಯ. ಅಲ್ಲಿವರೆಗೆ ಎರಡು ಸೂಟ್‌ಕೇಸ್ ತಳ್ಳಿಕೊಂಡು ಹೊರಗಿನ ಹಾಲ್‌ನಲ್ಲೇ ಇರಬೇಕು. ಒಳ್ಳೆ ಕುರ್ಚಿ, ಲೌಂಜು ಬಹುಪಾಲು ಸೆಕ್ಯುರಿಟಿ ಆಚೆ. ಬರೀ ಕೈಚೀಲದಲ್ಲಿ ಹೋಗುವವರಿಗೆ ಈ ಕಷ್ಟ ಅರ್ಧ ಕಡಿಮೆ. ದೊಡ್ಡ ಸಾಮಾನಿದ್ದರೆ ಲಗೇಜ್ ಇಡೋ ಕೋಣೆ ಎಲ್ಲಿದೆ, ರಾತ್ರಿ ಮುಚ್ಚುತ್ತಾ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಮುಂದಿನ ವಿಮಾನ ಬೇರೆ ನಿಲ್ದಾಣದಿಂದ ಇರಬಹುದು, ಅದನ್ನೂ ನೋಡಿ. ಹೀಥ್ರೂ ಬೇರೆ, ಗ್ಯಾಟ್‌ವಿಕ್ ಬೇರೆ.

ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಬರಲೇ ಇಲ್ಲ. ಆ ಟಿಕೆಟ್ ಹೋಯಿತು. ಅದರಲ್ಲಿ ವಾಪಸ್ ಬರೋ ಹಾರಾಟವೂ ಇದ್ದರೆ ಅದೂ ರದ್ದಾಗಬಹುದು. ಯುರೋಪಿನ ತಡದ ಪರಿಹಾರದ ಕಾನೂನು 2005ರಿಂದ ಜಾರಿಯಲ್ಲಿದೆ. 2013ರ ಫೋಲ್ಕರ್ಟ್ಸ್ ತೀರ್ಪಿನಲ್ಲಿ ಯುರೋಪಿನ ನ್ಯಾಯಾಲಯ ಕೊನೆಯ ಊರಿಗೆ ಎಷ್ಟು ತಡವಾಯಿತು ಅನ್ನೋದೇ ಲೆಕ್ಕ ಅಂದಿತು. ಆದರೆ "ಕೊನೆಯ ಊರು" ಅಂದರೆ ಆ ಬುಕಿಂಗಿನ ಕೊನೆಯ ಊರು. ನಿಮ್ಮ ಮನಸ್ಸಿನಲ್ಲಿರೋ ಊರಲ್ಲ. ಹಾಗಾಗಿ ಎರಡನೇ ವಿಮಾನ ಆ ದಿನದ ಕೊನೆಯದ್ದು ಆಗದ ಹಾಗೆ ನೋಡಿಕೊಳ್ಳಿ. ಸಂಜೆ ಇಳಿಯೋದಾದರೆ ರಾತ್ರಿ ಹೋಟೆಲ್ಲಿನಲ್ಲಿ ಮಲಗಿ ಬೆಳಿಗ್ಗೆ ಹೊರಡಿ. ಇನ್ಶೂರೆನ್ಸ್ ತಗೊಂಡರೆ ಬೇರೆ ಬೇರೆ ಟಿಕೆಟ್ ಇದ್ದಾಗಲೂ ವಿಮಾನ ತಪ್ಪಿದ್ದಕ್ಕೆ ದುಡ್ಡು ಕೊಡ್ತಾರಾ ಅನ್ನೋ ಒಂದು ಸಾಲನ್ನು ಓದಿಯೇ ಸಹಿ ಹಾಕಿ. ಇಷ್ಟೆಲ್ಲ ಖರ್ಚು ಕೂಡಿಸಿದ ಮೇಲೂ ಉಳಿತಾಯ ಇದ್ದರೆ ಧಾರಾಳವಾಗಿ ಹೋಗಿ. ಒಂಟಿಯಾಗಿ, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಹೋಗುವ ಹುಡುಗರಿಗೆ ಇದು ನಿಜಕ್ಕೂ ಲಾಭ.

ಆದರೆ ನಮ್ಮ ಊರುಗಳಿಂದ ಇವತ್ತು ವಿಮಾನ ಹತ್ತುವವರು ಹುಡುಗರಷ್ಟೇ ಅಲ್ಲ. ಮಗಳ ಬಾಣಂತನಕ್ಕೆ ಅಂತ ಸೀರೆ ಉಟ್ಟುಕೊಂಡು, ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಅಂಟಿನುಂಡೆ ತುಂಬಿಕೊಂಡು ಹೊರಡುವ ಅಮ್ಮಂದಿರಿದ್ದಾರೆ. ಎಷ್ಟೋ ಜನಕ್ಕೆ ಅದೇ ಮೊದಲ ವಿಮಾನ, ಇಂಗ್ಲಿಷೂ ಅಷ್ಟಕ್ಕಷ್ಟೇ. ನಡೆಯೋಕೆ ಬರುತ್ತಿದ್ದರೂ ದಾರಿ ತೋರಿಸುವವರು ಒಬ್ಬರಿರಲಿ ಅಂತ ಮಕ್ಕಳು ವೀಲ್‌ಚೇರ್ ಬುಕ್ ಮಾಡ್ತಾರೆ. ಒಂದೇ ಟಿಕೆಟ್ ಇದ್ದರೆ ಆ ಮಾತು ಮುಂದಿನ ಕಂಪನಿಗೂ ದಾಖಲೆಯ ಜೊತೆ ಹೋಗುತ್ತೆ, ಒಬ್ಬರು ತಂದು ಇನ್ನೊಬ್ಬರ ಕೈಗೆ ಒಪ್ಪಿಸ್ತಾರೆ, ಬಳ್ಳಾರಿ ಮೇಲೆ ಹೋದ ಟಪಾಲಿನ ಹಾಗೆ. ಎರಡು ಟಿಕೆಟ್ ಆದರೆ ಮೊದಲ ಕಂಪನಿಯ ವೀಲ್‌ಚೇರ್ ಹೊರಬಾಗಿಲಿಗೆ ಮುಗಿಯುತ್ತೆ. ಅಲ್ಲಿಂದ ಮುಂದಿನ ಕಂಪನಿಯ ಕೌಂಟರಿನವರೆಗೆ ಆಕೆ ಒಬ್ಬಳೇ, ಎರಡು ಸೂಟ್‌ಕೇಸು, ಗೊತ್ತಿಲ್ಲದ ಊರು.

ಆ ಟಿಕೆಟ್ ಬುಕ್ ಮಾಡೋದು ಬಹುಪಾಲು ನಮ್ಮಂಥ ಮಕ್ಕಳೇ, ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತು, ಬೆಲೆಯ ಪ್ರಕಾರ ಪಟ್ಟಿ ಜೋಡಿಸಿಕೊಂಡು. ಆಗ ಪಟ್ಟಿಯ ಮೊದಲ ಸಾಲನ್ನು ಬಿಟ್ಟು, ಇಡೀ ದಾರಿಗೆ ಒಂದೇ ಪಿಎನ್‌ಆರ್ ಇರೋ ಸಾಲಿಗೆ ಇಳಿಯಿರಿ. ಅಲ್ಲಿ ಜಾಸ್ತಿ ಕೊಡೋ ದುಡ್ಡು ಸೀಟಿಗಲ್ಲ, ಊಟಕ್ಕಲ್ಲ. ಆ ಒಂಬತ್ತು ಗಂಟೆ ಅಮ್ಮನನ್ನು ಕೇಳುವವರು ಒಬ್ಬರು ಇರಲಿ ಅಂತ.