ಅಪಾಸ್ಟ್ರಫಿ ಮತ್ತು ನಮ್ಮೂರ ಲೋಪಸಂಧಿ

ಹತ್ತು ವರ್ಷದ ಹಿಂದಿನ ಮಾತು. ಕ್ಲೈಂಟ್‌ಗೆ ಹೋಗಬೇಕಿದ್ದ ಒಂದು ಡಾಕ್ಯುಮೆಂಟ್ ಬರೆದಿದ್ದೆ. ಸೀನಿಯರ್ ಒಬ್ಬರು ಅದನ್ನು ಮೀಟಿಂಗ್ ರೂಮಿನ ದೊಡ್ಡ ಪರದೆ ಮೇಲೆ ತೆರೆದು, ಒಂದೇ ಪುಟದಲ್ಲಿ ನಾಲ್ಕು ಕಡೆ ‘ಇಟ್ಸ್’ ಎಂಬ ಪದಕ್ಕೆ ಕೆಂಪು ಗೆರೆ ಎಳೆದರು. ಅಪಾಸ್ಟ್ರಫಿ ಬೇಡದ ಕಡೆ ಇತ್ತು, ಬೇಕಾದ ಕಡೆ ಇರಲಿಲ್ಲ. ‘ಇದು ಐದನೇ ಕ್ಲಾಸಿನ ಇಂಗ್ಲಿಷ್’ ಅಂದರು. ಯಾರೋ ನಕ್ಕರು. ನವಲಗುಂದ ತಾಲೂಕಿನ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿಗೆ ನಾನಿನ್ನೂ ಎಬಿಸಿಡಿ ತಿದ್ದುತ್ತಿದ್ದೆ ಅಂತ ಹೇಳಬೇಕೆನಿಸಿತು. ಹೇಳಲಿಲ್ಲ.

ಆವತ್ತು ರಾತ್ರಿ ಕುಂತು ನಿಯಮ ಕಲಿತೆ. ಹತ್ತು ನಿಮಿಷ ಸಾಕಾಯಿತು. ನಾಚಿಕೆ ಹೋಗಲಿಕ್ಕೆ ಮಾತ್ರ ವರ್ಷಗಳೇ ಹಿಡಿದವು. ಅದು ಹೋದದ್ದು ಈ ‘ಮ್ಯಾಲಿನ ಕಾಮಾ’ದ ಚರಿತ್ರೆ ಓದಿದ ಮೇಲೆ.

ಅಪಾಸ್ಟ್ರಫಿ ಇಂಗ್ಲಿಷಿನ ಸ್ವಂತ ಆಸ್ತಿ ಅಲ್ಲ. ಹೆಸರು ಗ್ರೀಕರದು; ‘ಆಚೆ ತಿರುಗಿದ್ದು’ ಅಂತ ಅದರ ಅರ್ಥ. ಫ್ರಾನ್ಸಿನ ಮುದ್ರಕ ಜೊಫ್ರಾ ತೋರಿ 1529ರ ಸುಮಾರಿಗೆ ಅದನ್ನು ಫ್ರೆಂಚ್ ಅಚ್ಚಿಗೆ ತಂದ. ಅದೇ ಶತಮಾನದಲ್ಲಿ ಇಂಗ್ಲಿಷ್ ಮುದ್ರಕರೂ ಎತ್ತಿಕೊಂಡರು. ಆಗ ಅದಕ್ಕಿದ್ದ ಕೆಲಸ ಒಂದೇ: ‘ಇಲ್ಲೊಂದು ಅಕ್ಷರ ಬಿದ್ದದ’ ಅಂತ ಹೇಳುವುದು. ‘ಡು ನಾಟ್’ ಹೋಗಿ ‘ಡೋಂಟ್’ ಆದಾಗ ಬಿದ್ದ ‘ಓ’ ಅಕ್ಷರದ ಜಾಗದಲ್ಲಿ ಕೂಡುವ ಗುರುತು ಅದು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರ ಕನ್ನಡ ಮಾಸ್ತರರು. ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ. ನಡುವಿನ ಉಕಾರ ಲೋಪ. ಇದು ಲೋಪಸಂಧಿ. ಹದಿಮೂರನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕನ್ನಡದ ಸಂಧಿಗಳನ್ನು ಲೆಕ್ಕ ಹಾಕಿ ಇಟ್ಟಿದ್ದಾನೆ. ಇಂಗ್ಲಿಷಿನವರು ಬಿದ್ದ ಅಕ್ಷರಕ್ಕೆ ಗುರುತು ಹಾಕುತ್ತಾರೆ, ನಾವು ಹಾಕುವುದಿಲ್ಲ. ವ್ಯತ್ಯಾಸ ಅಷ್ಟೇ. ಹಾಕುವ ಪದ್ಧತಿಯೇ ನಮಗಿರಲಿಲ್ಲ. ನಮ್ಮ ಕಡೆಯ ಹಳೆಯ ಶಿಲಾಶಾಸನಗಳಲ್ಲಿ ಪದ ಪದಗಳ ನಡುವೆ ಜಾಗವೂ ಇಲ್ಲ, ಕಾಮಾ ಅಂತೂ ದೂರದ ಮಾತು. ಇಂದು ನಾವು ಬಳಸುವ ಕಾಮಾ, ಪ್ರಶ್ನಾರ್ಥಕ ಚಿಹ್ನೆಗಳೆಲ್ಲ ಹತ್ತೊಂಬತ್ತನೇ ಶತಮಾನದ ಅಚ್ಚಿನ ಮೊಳೆಗಳ ಜೊತೆ ಬಂದವು. ಅಪಾಸ್ಟ್ರಫಿಯ ಮೊಳೆಯೂ ಬಂತು, ಆದರೆ ಉದ್ಧರಣ ಚಿಹ್ನೆಯ ಕೆಲಸಕ್ಕೆ. ಲೋಪ ತೋರಿಸುವ ಕೆಲಸವನ್ನು ಕನ್ನಡ ಅದಕ್ಕೆ ಕೊಡಲಿಲ್ಲ.

ಅಪಾಸ್ಟ್ರಫಿಯ ಖಾಸಾ ತಮ್ಮ ಒಬ್ಬ ನಮ್ಮ ಲಿಪಿಯಲ್ಲೂ ಇದ್ದಾನೆ. ಅವನ ಹೆಸರು ಅವಗ್ರಹ. ಸಂಸ್ಕೃತದ ‘ಸೋಽಹಂ’ ಎಂಬಲ್ಲಿ ಬಿದ್ದ ಅಕಾರದ ಗುರುತು ಅವನೇ. ಧಾರವಾಡದ ಕಡೆ ಬಂದ ಮೇಲೆ ಅವನು ಉಲ್ಟಾ ಹೊಡೆದ. ಆಡುಮಾತನ್ನು ಕಾಗದಕ್ಕಿಳಿಸುವಾಗ ನಾವು ‘ಅದೇ’ ಅನ್ನುವುದಕ್ಕೆ ‘ಅದಽ’ ಅಂತ ಬರೆಯುತ್ತೇವೆ. ಇಲ್ಲಿ ಅಕಾರ ಬಿದ್ದಿಲ್ಲ, ಎಳೆದದ್ದು. ಮೊಬೈಲಿನಲ್ಲಿ ಅವಗ್ರಹ ಸಿಗದವರು ಇಂಗ್ಲಿಷಿನ ಎಸ್ ಒತ್ತಿ ಕೆಲಸ ಮುಗಿಸುತ್ತಾರೆ. ಚಿಹ್ನೆಯ ಅರ್ಥ ಕಲ್ಲಲ್ಲಿ ಕೆತ್ತಿದ್ದಲ್ಲ, ಬಳಸುವವರ ಕೈಯಲ್ಲಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಇಂಗ್ಲಿಷಿನಲ್ಲೂ ಹಾಗೇ ಆಯಿತು. ಹಳೆಯ ಇಂಗ್ಲಿಷಿನಲ್ಲಿ ಎಷ್ಟೋ ನಾಮಪದಗಳಿಗೆ ಷಷ್ಠಿ ಪ್ರತ್ಯಯ ‘ಎಸ್’ ಮಾತ್ರ ಅಲ್ಲ, ‘ಇ-ಎಸ್’. ಕಾಲ ಕಳೆದಂತೆ ಆ ‘ಇ’ ಉಚ್ಚಾರದಲ್ಲಿ ಬಿತ್ತು, ಅದರ ಜಾಗಕ್ಕೆ ಅಪಾಸ್ಟ್ರಫಿ ಬಂತು. ‘ರಾಜನ’ ಅನ್ನುವ ‘ಕಿಂಗ್ಸ್’ ಬಂದದ್ದು ಹೀಗೆ. ನಡುವೆ ಒಂದಷ್ಟು ಪಂಡಿತರು ಅದು ‘ಕಿಂಗ್ ಹಿಸ್’ ಎಂಬುದರ ಸಂಕ್ಷೇಪ ಅಂದುಕೊಂಡಿದ್ದರು. ಹಂಗಾದ್ರ ‘ರಾಣಿಯ’ ಅನ್ನುವಲ್ಲಿ ‘ಹಿಸ್’ ಹೆಂಗ ಬರ್ತದ? 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ವಾದವನ್ನು ತಳ್ಳಿಹಾಕಿದ. ಅಂದರೆ ಹದಿನೆಂಟನೇ ಶತಮಾನದಲ್ಲೂ ಇಂಗ್ಲಿಷಿನವರಿಗೆ ಈ ಚಿಹ್ನೆ ಎಲ್ಲಿಂದ ಬಂತು ಅನ್ನುವುದರ ಬಗ್ಗೆ ಜಗಳ ಇತ್ತು.

ಇನ್ನು ನನ್ನ ಮಾನ ತೆಗೆದ ‘ಇಟ್ಸ್’. 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲಿನ ಮೊದಲ ಮುದ್ರಣದಲ್ಲಿ ‘ಅದರ’ ಎಂಬ ಅರ್ಥದ ಈ ಪದವೇ ಇಲ್ಲ. ಆಗಿನ್ನೂ ಅದು ಹೊಸ ಪದ. ಬಳಕೆಗೆ ಬಂದ ಮೇಲೂ ಬಹಳ ಜನ ಅದನ್ನು ಅಪಾಸ್ಟ್ರಫಿ ಹಚ್ಚಿಯೇ ಬರೆದರು. 1787ರ ಅಮೆರಿಕದ ಸಂವಿಧಾನದ ಮೂಲ ಪ್ರತಿಯಲ್ಲಿ, ರಾಜ್ಯಗಳ ತಪಾಸಣಾ ಕಾನೂನಿನ ಬಗ್ಗೆ ಹೇಳುವ ಕಡೆ, ನಾನು ಮಾಡಿದ ‘ತಪ್ಪೇ’ ಇದೆ. ಅಪಾಸ್ಟ್ರಫಿ ಇಲ್ಲದ ರೂಪ ಗಟ್ಟಿಯಾಗಿ ನೆಲೆಯೂರಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಆ ಮೀಟಿಂಗ್ ರೂಮಿನಲ್ಲಿ ಇದು ನನಗೆ ಗೊತ್ತಿರಬೇಕಿತ್ತು!

ನಿಯಮ ಗಟ್ಟಿಯಾದ ಮೇಲೆ ಅದು ಜನರನ್ನು ಅಳೆಯುವ ಕೋಲೂ ಆಯಿತು. ಬಹುವಚನಕ್ಕೆ ಸುಮ್ಮಸುಮ್ಮನೆ ಅಪಾಸ್ಟ್ರಫಿ ಹಚ್ಚುವುದಕ್ಕೆ ಇಂಗ್ಲೆಂಡಿನಲ್ಲಿ ‘ತರಕಾರಿ ಅಂಗಡಿಯವನ ಅಪಾಸ್ಟ್ರಫಿ’ ಅಂತಾರೆ. ಬೈಗುಳ ಯಾರಿಗೆ ನೋಡ್ರಿ: ವಕೀಲರಿಗಲ್ಲ, ಕಾಯಿಪಲ್ಲೆ ಮಾರುವವನಿಗೆ. ಅಣ್ಣಿಗೇರಿಯ ಟೇಲರ್ ಅಂಗಡಿಯ ಬೋರ್ಡು ನೋಡಿ ನಾವು ನಗುವುದೂ ಇದೇ ಜಾತಿಯ ನಗು.

ಮಾತಿನಿಂದ ಮನುಷ್ಯನ ದರ್ಜೆ ಅಳೆಯುವುದರ ಬಗ್ಗೆ ‘ಪಿಗ್ಮೇಲಿಯನ್’ ನಾಟಕ ಬರೆದ ಬರ್ನಾರ್ಡ್ ಶಾ, ‘ಡೋಂಟ್’ನಂಥ ಪದಗಳಿಂದ ಅಪಾಸ್ಟ್ರಫಿ ಕಿತ್ತು ಹಾಕಿದ್ದ. ಗೊಂದಲ ಆಗುವ ಕಡೆ ಮಾತ್ರ ಉಳಿಸಿದ. ಯಾಕಂದರೆ ‘ಹೀ ವಿಲ್’ ಎಂಬುದರ ಸಂಕ್ಷೇಪದಲ್ಲಿ ಅದನ್ನು ತೆಗೆದರೆ ನರಕ ಉಳಿಯುತ್ತದೆ. 2009ರಲ್ಲಿ ಬರ್ಮಿಂಗ್‌ಹ್ಯಾಮ್ ನಗರಸಭೆ ರಸ್ತೆ ಫಲಕಗಳಲ್ಲಿ ಅಪಾಸ್ಟ್ರಫಿ ಬೇಡ ಅಂತ ತೀರ್ಮಾನಿಸಿತು. ಅದನ್ನು ಕಾಪಾಡಲಿಕ್ಕೆಂದೇ ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತರು 2001ರಲ್ಲಿ ಕಟ್ಟಿದ ಸಂಘವನ್ನು, 2019ರಲ್ಲಿ ತಮ್ಮ 96ನೇ ವಯಸ್ಸಿನಲ್ಲಿ, ಸಾಕಪ್ಪ ಅಂತ ನಿಲ್ಲಿಸಿದರು.

‘ಹಂಗಾರ ನಾವ್ಯಾಕ ತಲಿ ಕೆಡಿಸ್ಕೋಬೇಕು?’ ಅಂತ ಕೇಳಬಹುದು. ಒಂದು ಉದಾಹರಣೆ ಕೊಡ್ತೀನಿ. ಕಡ್ಲಿ ಬಿತ್ತಿದ ಒಂದು ಎರಿ ಹೊಲ. ಅದು ರೈತನ ಹೊಲವೋ, ರೈತರ ಹೊಲವೋ? ಕನ್ನಡದಲ್ಲಿ ‘ನ’ ಮತ್ತು ‘ರ’ ಜಗಳಕ್ಕೆ ಜಾಗವನ್ನೇ ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡೂ ಕಿವಿಗೆ ‘ಫಾರ್ಮರ್ಸ್ ಫೀಲ್ಡ್’. ಒಬ್ಬನದಾದರೆ ಚಿಹ್ನೆ ಎಸ್‌ಗಿಂತ ಮುಂಚೆ, ಹಲವರದಾದರೆ ಎಸ್ ಆದಮೇಲೆ. ಹೊಲ ಒಬ್ಬನದೋ ನಾಲ್ಕು ಮಂದಿದೋ ಅನ್ನುವುದು ಆ ಒಂದು ಚುಕ್ಕಿಯ ಮೇಲೆ ನಿಂತಿದೆ. ಹೊಲದ ಪಾಲಿನ ಜಗಳ ನೋಡಿದವರಿಗೆ ಇದು ಸಣ್ಣ ಮಾತು ಅನ್ನಿಸಲಿಕ್ಕಿಲ್ಲ.

ಹಾಗಾಗಿ ಕಲಿಯೋಣ. ಕನ್ನಡ ಬಲ್ಲವರಿಗೆ ಇದು ಸುಲಭ. ‘ಇಟ್ಸ್’ ಬಂದಾಗ ಸಂಧಿ ಬಿಡಿಸಿ. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಆದರೆ ಚಿಹ್ನೆ ಬೇಕು, ‘ಅದರ’ ಅಂತಾದರೆ ಬೇಡ. ನಾಮಪದಕ್ಕೆ ಬರೀ ‘ಗಳು’ ಅನ್ನುವ ಅರ್ಥವಿದ್ದರೆ ಬೇಡ. ‘ನ’, ‘ದ’, ‘ಗಳ’ ಅನ್ನುವ ಅರ್ಥವಿದ್ದರೆ ಬೇಕು. ಇಷ್ಟು ಬಂದರೆ ಆಫೀಸಿನ ಮಟ್ಟಿಗೆ ಸಾಕು.

ಈಗ ಡಾಕ್ಯುಮೆಂಟ್ ನೋಡುವ ಕೆಲಸ ನನ್ನದು. ಹೋದ ತಿಂಗಳು ಕುಂದಗೋಳ ಕಡೆಯ ಹುಡುಗನೊಬ್ಬ ‘ಇಟ್ಸ್ ವರ್ಕಿಂಗ್’ ಎಂಬುದನ್ನು ಚಿಹ್ನೆ ಇಲ್ಲದೆ ಬರೆದಿದ್ದ. ಪರದೆ ಮೇಲೆ ತೆರೆಯಲಿಲ್ಲ. ಅವನೊಬ್ಬನಿಗೇ ಮೆಸೇಜು ಹಾಕಿದೆ: ‘ತಮ್ಮಾ, ಸಂಧಿ ಬಿಡಿಸಿ ನೋಡು.’

ಎರಡು ನಿಮಿಷಕ್ಕೆ ಉತ್ತರ ಬಂತು: ‘ಅಣ್ಣಾ, ಇದು ನಮ್ಮ ಲೋಪಸಂಧಿನಽ ಐತಲ್ಲ!’