ಚುನಾವಣಾ ಬಾಂಡ್ ಯೋಜನೆ

ಚುನಾವಣಾ ಬಾಂಡ್ ಎಂಬುದು ಭಾರತದಲ್ಲಿ ರಾಜಕೀಯ ಪಕ್ಷಗಳಿಗೆ ಬ್ಯಾಂಕಿನ ಮೂಲಕ ದೇಣಿಗೆ ನೀಡಲು 2018ರಿಂದ 2024ರವರೆಗೆ ಜಾರಿಯಲ್ಲಿದ್ದ ಬಡ್ಡಿರಹಿತ ಪ್ರಾಮಿಸರಿ ನೋಟು. ಅದರ ಮೇಲೆ ಕೊಂಡವರ ಹೆಸರಾಗಲಿ ಪಡೆಯುವ ಪಕ್ಷದ ಹೆಸರಾಗಲಿ ಇರುತ್ತಿರಲಿಲ್ಲ. ಈ ಗೋಪ್ಯತೆಯು ಮತದಾರರ ಮಾಹಿತಿ ಹಕ್ಕಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಫೆಬ್ರವರಿ 15ರಂದು ಯೋಜನೆಯನ್ನು ರದ್ದುಪಡಿಸಿತು.

ಹಿನ್ನೆಲೆ

1969ರಲ್ಲಿ ನಿಷೇಧಕ್ಕೊಳಗಾಗಿದ್ದ ಕಂಪನಿ ದೇಣಿಗೆಗೆ 1985ರಲ್ಲಿ ಮತ್ತೆ ಅವಕಾಶ ದೊರೆಯಿತು. ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 29ಸಿ ಕಲಮಿನಂತೆ 20,000 ರೂಪಾಯಿಗೆ ಮೇಲ್ಪಟ್ಟ ದೇಣಿಗೆಗಳ ವಿವರವನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕು. ಅದಕ್ಕಿಂತ ಕಡಿಮೆ ಮೊತ್ತ ಕೊಟ್ಟವರ ಹೆಸರು ಹೇಳಬೇಕಾಗಿರಲಿಲ್ಲವಾದ್ದರಿಂದ ಪಕ್ಷಗಳ ಆದಾಯದ ದೊಡ್ಡ ಪಾಲು ಮೂಲ ತಿಳಿಯದ ಹಣವಾಗಿಯೇ ಉಳಿಯುತ್ತಿತ್ತು.

2017ರ ಮುಂಗಡಪತ್ರದಲ್ಲಿ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು ಬಾಂಡ್ ಯೋಜನೆಯನ್ನು ಪ್ರಕಟಿಸಿದರು. ಒಬ್ಬರಿಂದ ನಗದಾಗಿ ಪಡೆಯಬಹುದಾದ ಮೊತ್ತವನ್ನು 2,000 ರೂಪಾಯಿಗೆ ಇಳಿಸಿ, ಉಳಿದುದನ್ನು ಬ್ಯಾಂಕಿನ ಮಾರ್ಗಕ್ಕೆ ತರುವುದು ಘೋಷಿತ ಉದ್ದೇಶವಾಗಿತ್ತು. ಆದರೆ ಅದೇ ವರ್ಷದ ಹಣಕಾಸು ಕಾಯ್ದೆಯು ಬಾಂಡ್ ದೇಣಿಗೆಗೆ 29ಸಿ ಕಲಮಿನಿಂದ ವಿನಾಯಿತಿ ನೀಡಿತು. ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿಯನ್ನೂ, ಯಾವ ಪಕ್ಷಕ್ಕೆ ಕೊಟ್ಟೆವೆಂದು ಲೆಕ್ಕಪತ್ರದಲ್ಲಿ ತೋರಿಸಬೇಕೆಂಬ ನಿಯಮವನ್ನೂ ತೆಗೆದುಹಾಕಿತು. ಹೀಗೆ ನಗದಿನ ಕತ್ತಲನ್ನು ಕಳೆಯಹೊರಟ ಕಾನೂನು ಚೆಕ್ಕಿನ ಹಣಕ್ಕೆ ಹೊಸ ಮರೆಯೊಂದನ್ನು ಕಟ್ಟಿಕೊಟ್ಟಿತು. ರಿಸರ್ವ್ ಬ್ಯಾಂಕ್ ಮತ್ತು ಚುನಾವಣಾ ಆಯೋಗಗಳೆರಡೂ ಆಕ್ಷೇಪ ಸೂಚಿಸಿದ್ದವು.

ಸ್ವರೂಪ

2018ರ ಜನವರಿ 2ರ ಅಧಿಸೂಚನೆಯಂತೆ ಬಾಂಡ್ ಮಾರುವ ಅಧಿಕಾರ ಭಾರತೀಯ ಸ್ಟೇಟ್ ಬ್ಯಾಂಕಿಗೆ ಮಾತ್ರ ಇತ್ತು. 1,000 ರೂಪಾಯಿಯಿಂದ 1 ಕೋಟಿ ರೂಪಾಯಿವರೆಗೆ ಐದು ಮುಖಬೆಲೆಗಳಿದ್ದವು. ಹಿಂದಿನ ಲೋಕಸಭಾ ಅಥವಾ ವಿಧಾನಸಭಾ ಚುನಾವಣೆಯಲ್ಲಿ ಕನಿಷ್ಠ ಶೇ. 1ರಷ್ಟು ಮತ ಪಡೆದ ನೋಂದಾಯಿತ ಪಕ್ಷಗಳು 15 ದಿನಗಳೊಳಗೆ ಅವನ್ನು ನಗದೀಕರಿಸಬೇಕಿತ್ತು. ಇಲ್ಲವಾದರೆ ಹಣವು ಪ್ರಧಾನ ಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗೆ ಸೇರುತ್ತಿತ್ತು.

ಕೊಳ್ಳುವವರು ಗುರುತಿನ ದಾಖಲೆ ಕೊಡಲೇಬೇಕಿತ್ತು. ಅಂದರೆ ಮಾಹಿತಿ ಬ್ಯಾಂಕಿನಲ್ಲಿತ್ತು, ಮತದಾರನಿಗಷ್ಟೇ ಇರಲಿಲ್ಲ. ಅತಿನೇರಳೆ ಬೆಳಕಿನಲ್ಲಿ ಮಾತ್ರ ಕಾಣುವ ಸಂಖ್ಯೆಯೊಂದು ಪ್ರತಿ ಬಾಂಡಿನಲ್ಲೂ ಇರುವುದನ್ನು 2018ರ ಏಪ್ರಿಲ್‌ನಲ್ಲಿ ಪತ್ರಕರ್ತೆ ಪೂನಂ ಅಗರ್ವಾಲ್ ಬಯಲಿಗೆಳೆದರು. ಅದು ನಕಲಿ ತಡೆಯುವ ಭದ್ರತಾ ಗುರುತಷ್ಟೇ ಎಂಬುದು ಸರ್ಕಾರದ ವಿವರಣೆಯಾಗಿತ್ತು.

ನ್ಯಾಯಾಲಯದಲ್ಲಿ

ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್, ಕಾಮನ್ ಕಾಸ್ ಸಂಸ್ಥೆಗಳು ಹಾಗೂ ಭಾರತ ಕಮ್ಯುನಿಸ್ಟ್ ಪಕ್ಷ (ಮಾರ್ಕ್ಸ್‌ವಾದಿ) ಯೋಜನೆಯನ್ನು ಪ್ರಶ್ನಿಸಿದ್ದವು. 2019ರ ಏಪ್ರಿಲ್ 12ರ ಮಧ್ಯಂತರ ಆದೇಶದಂತೆ ಪಕ್ಷಗಳು ತಮ್ಮ ವಿವರಗಳನ್ನು ಮುಚ್ಚಿದ ಲಕೋಟೆಯಲ್ಲಿ ಆಯೋಗಕ್ಕೆ ನೀಡಿದವು. ಬಹುತೇಕ ಪಕ್ಷಗಳು ಕೊಟ್ಟವರ ಹೆಸರು ತಿಳಿಸಲಿಲ್ಲ. ಪಟ್ನಾದ ಕಚೇರಿಗೆ ಯಾರೋ ಬಂದು 1 ಕೋಟಿ ರೂಪಾಯಿಯ ಹತ್ತು ಬಾಂಡ್‌ಗಳಿದ್ದ ಲಕೋಟೆ ಕೊಟ್ಟು ಹೋದರೆಂದು ಸಂಯುಕ್ತ ಜನತಾದಳ ತಿಳಿಸಿತ್ತು. ಹೆಸರುಗಳನ್ನು ಬಹಿರಂಗಪಡಿಸಿದ ಕೆಲವೇ ಪಕ್ಷಗಳಲ್ಲಿ ದ್ರಾವಿಡ ಮುನ್ನೇತ್ರ ಕಳಗಂ ಮತ್ತು ಕರ್ನಾಟಕದ ಜಾತ್ಯತೀತ ಜನತಾದಳ ಸೇರಿದ್ದವು.

ಅಂತಿಮ ತೀರ್ಪಿಗೆ ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ಬಾಂಡ್ ಮಾರಾಟದ 30 ಕಂತುಗಳು ಮುಗಿದಿದ್ದವು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಸಂವಿಧಾನ ಪೀಠವು, ಹಣ ಕೊಟ್ಟವರಾರೆಂದು ತಿಳಿಯುವುದು 19(1)(ಎ) ವಿಧಿಯ ಹಕ್ಕಿನ ಭಾಗವೆಂದು ಒಮ್ಮತದಿಂದ ತೀರ್ಮಾನಿಸಿತು. ಕಂಪನಿ ದೇಣಿಗೆಯ ಮಿತಿ ತೆಗೆದದ್ದನ್ನು ಸಮಾನತೆಯ 14ನೇ ವಿಧಿಗೆ ವಿರುದ್ಧವೆಂದಿತು.

ಎರಡು ಪಟ್ಟಿಗಳು

ಮಾರ್ಚ್ 6ರೊಳಗೆ ವಿವರ ಒಪ್ಪಿಸುವಂತೆ ಆದೇಶವಿದ್ದರೂ ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಕಾಲಾವಕಾಶ ಕೋರಿತು. ಅಷ್ಟರಲ್ಲಿ ಲೋಕಸಭಾ ಚುನಾವಣೆಯೇ ಮುಗಿದಿರುತ್ತಿತ್ತು. ನ್ಯಾಯಾಲಯವು ಕೋರಿಕೆಯನ್ನು ತಳ್ಳಿಹಾಕಿತು. ಮಾರ್ಚ್ 14ರಂದು ಆಯೋಗವು ಎರಡು ಪಟ್ಟಿಗಳನ್ನು ಪ್ರಕಟಿಸಿತು: ಕೊಂಡವರದ್ದೊಂದು, ನಗದೀಕರಿಸಿದ ಪಕ್ಷಗಳದ್ದೊಂದು. ಯಾರ ಹಣ ಯಾರಿಗೆ ಹೋಯಿತೆಂಬುದು ಮಾತ್ರ ಅವುಗಳಿಂದ ತಿಳಿಯುವಂತಿರಲಿಲ್ಲ. ಎರಡನ್ನೂ ಬೆಸೆಯುವ ಕೊಂಡಿ, ಭದ್ರತಾ ಗುರುತಷ್ಟೇ ಎನ್ನಲಾಗಿದ್ದ ಆ ಸಂಖ್ಯೆಯೇ ಆಗಿತ್ತು. ಅದನ್ನೂ ಒಪ್ಪಿಸುವಂತೆ ಮಾರ್ಚ್ 18ರಂದು ಮತ್ತೆ ಆದೇಶ ಹೊರಡಿಸಬೇಕಾಯಿತು. ಮಾರ್ಚ್ 21ರಂದು ಸಂಖ್ಯೆಗಳು ಹೊರಬಂದ ಬಳಿಕವಷ್ಟೇ ದೇಣಿಗೆದಾರ ಮತ್ತು ಪಕ್ಷ ಒಂದೇ ಸಾಲಿನಲ್ಲಿ ಕಾಣಿಸಿಕೊಂಡರು.

ಅತಿ ಹೆಚ್ಚು, ಸುಮಾರು 6,060 ಕೋಟಿ ರೂಪಾಯಿ, ಭಾರತೀಯ ಜನತಾ ಪಕ್ಷಕ್ಕೆ ಸಂದಿತ್ತು. ತೃಣಮೂಲ ಕಾಂಗ್ರೆಸ್ ಸುಮಾರು 1,609 ಕೋಟಿ, ಕಾಂಗ್ರೆಸ್ 1,421 ಕೋಟಿ ಪಡೆದಿದ್ದವು. ಕೊಂಡವರಲ್ಲಿ ಲಾಟರಿ ವ್ಯವಹಾರದ ಫ್ಯೂಚರ್ ಗೇಮಿಂಗ್ ಕಂಪನಿ 1,368 ಕೋಟಿ ರೂಪಾಯಿಯೊಂದಿಗೆ ಮೊದಲಿತ್ತು; ಮೂಲಸೌಕರ್ಯ ಗುತ್ತಿಗೆಯ ಮೇಘಾ ಎಂಜಿನಿಯರಿಂಗ್ 966 ಕೋಟಿಯೊಂದಿಗೆ ಎರಡನೆಯದು.

ತದನಂತರ

ವಿಶೇಷ ತಂಡದಿಂದ ತನಿಖೆ ನಡೆಸಬೇಕೆಂಬ ಕೋರಿಕೆಯನ್ನು 2024ರ ಆಗಸ್ಟ್ 2ರಂದು ನ್ಯಾಯಾಲಯವು ಒಪ್ಪಲಿಲ್ಲ. ತೀರ್ಪಿನಿಂದ ಶೇ. 7.5ರ ಮಿತಿ ಮತ್ತು 29ಸಿ ಕಲಮಿನ ಹಳೆಯ ರೂಪ ಮರಳಿದವು. ಅದರೊಡನೆ 20,000 ರೂಪಾಯಿಯ ಹಳೆಯ ಕಂಡಿಯೂ ಹಾಗೆಯೇ ಉಳಿಯಿತು. 2022ರಲ್ಲಿ ಪರಿಷ್ಕರಿಸಿದಂತೆ ದೊಡ್ಡ ರಾಜ್ಯಗಳ ಲೋಕಸಭಾ ಅಭ್ಯರ್ಥಿ 95 ಲಕ್ಷ, ವಿಧಾನಸಭಾ ಅಭ್ಯರ್ಥಿ 40 ಲಕ್ಷ ರೂಪಾಯಿ ಮೀರಿ ವೆಚ್ಚ ಮಾಡುವಂತಿಲ್ಲ. ಪಕ್ಷಗಳ ವೆಚ್ಚಕ್ಕೆ ಅಂಥ ಮಿತಿಯಿಲ್ಲ.