ಪೆರಾಕ್ಸೈಡಿನ ಪ್ರಮಾಣವಿಚಾರ: ಟಿ. ರಾಮಶರ್ಮರ ಉತ್ಕರ್ಷಣ ಸಂಶೋಧನೆಗಳ ಒಂದು ಸಮೀಕ್ಷೆ

ಗದಗಿನ ಮಗ್ಗುಲಲ್ಲಿರುವ ನಾಗಾವಿಯ ಕಡೆಯಿಂದ ಶಿರಹಟ್ಟಿ, ಮುಂಡರಗಿ ಸೀಮೆಗಳತ್ತ ಚಾಚಿಕೊಂಡಿರುವ ಕಪ್ಪತಗುಡ್ಡದ ಸಾಲಿನಲ್ಲಿ, ಕಬ್ಬಿಣದ ಕೆಂಪು ಪದರವೂ ಬೆಣಚಿನ ಬೂದು ಪದರವೂ ಒಂದರ ಮೇಲೊಂದಾಗಿ ಹಾಸಿಕೊಂಡ ಶಿಲೆಗಳುಂಟು. 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರತಳದಲ್ಲಿ ಸಂಚಯಗೊಂಡ ನಿಕ್ಷೇಪಗಳಿವು ಎಂಬುದು ಭೂವಿಜ್ಞಾನಿಗಳ ಎಣಿಕೆ. ವಾಯುಮಂಡಲದಲ್ಲಿ ಆಮ್ಲಜನಕವು ಸ್ಥಿರವಾಗಿ ನೆಲೆಗೊಂಡದ್ದು ಅದಕ್ಕೂ ಈಚೆಗೆ, ಸುಮಾರು 240 ಕೋಟಿ ವರ್ಷಗಳ ಹಿಂದೆ. ಅಂದಿನಿಂದ ಜೀವಕೋಟಿಯ ಬಹುಭಾಗವು ಯಾವ ಅನಿಲದಿಂದ ಉಸಿರಾಡುತ್ತಿದೆಯೋ ಅದರಿಂದಲೇ ಒಳಗೊಳಗೆ ಸುಡುತ್ತಲೂ ಇದೆ. ಈ ಸ್ಥಿತಿಯನ್ನು ದೇಹಕ್ಕೂ ಆಮ್ಲಜನಕದ ಉಗ್ರ ರೂಪಗಳಿಗೂ ನಡೆದಿರುವ ನಿತ್ಯಕಲಹವೆಂದು ವರ್ಣಿಸುವುದು ವಾಡಿಕೆಯಾಗಿ ಹೋಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ದಶಕಗಳ ಕಾಲ ದುಡಿದ ಟಿ. ರಾಮಶರ್ಮರ ಬರಹಗಳನ್ನು ಓದಿದವನಿಗೆ ಆ ವರ್ಣನೆಯಲ್ಲಿ ತೃಪ್ತಿ ಉಳಿಯದು. ಹೈಡ್ರೋಜನ್ ಪೆರಾಕ್ಸೈಡ್ ಎಷ್ಟು ಕೆಡುಕನ್ನು ಮಾಡುತ್ತದೆ ಎಂದಷ್ಟೇ ಕೇಳಿ ಸುಮ್ಮನಾಗದೆ, ಅದು ಎಷ್ಟು ಹುಟ್ಟುತ್ತದೆ, ಎಲ್ಲಿ ಹುಟ್ಟುತ್ತದೆ, ಯಾವುದರ ಆಜ್ಞೆಯಿಂದ ಹುಟ್ಟುತ್ತದೆ ಎಂದು ಕೇಳಿದವರು ಅವರು.

1954ರಲ್ಲಿ ರೆಬೆಕಾ ಗರ್ಶ್‌ಮನ್ ಮತ್ತು ಸಂಗಡಿಗರು, ಆಮ್ಲಜನಕದ ವಿಷಪ್ರಭಾವಕ್ಕೂ ಕ್ಷಕಿರಣಗಳ ಹಾನಿಗೂ ಸ್ವತಂತ್ರ ರ್‍ಯಾಡಿಕಲ್‌ಗಳೆಂಬ ಒಂದೇ ಮೂಲವಿದೆಯೆಂದು ಪ್ರತಿಪಾದಿಸಿದರು. ಅದೇ ವರ್ಷ ರಾಮಶರ್ಮರು ತಮ್ಮ ಗುರು ಕೆ. ವಿ. ಗಿರಿಯವರೊಡನೆ ಪ್ರಕಟಿಸಿದ ಪ್ರಬಂಧದ ವಿಷಯವು ಹೆಸರುಕಾಳಿನ ಒಂದು ಕಿಣ್ವ, ಫಾಸ್ಫೊಗ್ಲೂಕೊಮ್ಯೂಟೇಸ್. ಮುಂಗಾರಿನಲ್ಲಿ ಹೆಸರನ್ನೇ ನೆಚ್ಚಿಕೊಂಡಿರುವ ಗದಗ ಸೀಮೆಯ ಓದುಗನಿಗೆ ಈ ಸಂಗತಿ ತುಸು ಆಪ್ತವೆನಿಸಿದರೆ ತಪ್ಪಲ್ಲ. ಆದರೆ ಉತ್ಕರ್ಷಣದೊಡನೆ ಅದಕ್ಕೆ ನೇರ ಸಂಬಂಧವಿಲ್ಲ. ಕಿಣ್ವವೊಂದನ್ನು ಶುದ್ಧಿಗೊಳಿಸಿ ಅದರ ವೇಗವನ್ನು ಅಳೆಯುವ ಶಿಸ್ತು ಕೈಗೆ ಹತ್ತಿದ್ದು ಮಾತ್ರ ಇಲ್ಲಿ.

ಅವರ ಜೀವಮಾನದ ವಿಷಯವು ದೊರೆತದ್ದು ಅಮೆರಿಕದ ಮ್ಯಾಡಿಸನ್ನಿನಲ್ಲಿ. ಅಲ್ಲಿಯ ಕಿಣ್ವಸಂಶೋಧನಾಲಯದಲ್ಲಿ 1957ರಲ್ಲಿ ಫ್ರೆಡೆರಿಕ್ ಕ್ರೇನ್ ಎತ್ತಿನ ಹೃದಯದ ಮೈಟೊಕಾಂಡ್ರಿಯಗಳಿಂದ ಹಳದಿಯ ಬಣ್ಣದ ಒಂದು ಕ್ವಿನೋನನ್ನು ಬೇರ್ಪಡಿಸಿದ್ದರು; ಸಹಕಿಣ್ವ ಕ್ಯೂ ಎಂದೂ ಯುಬಿಕ್ವಿನೋನ್ ಎಂದೂ ಪ್ರಸಿದ್ಧವಾದದ್ದು ಇದೇ. ಇದರ ಅಣುವಿಗೆ ಉದ್ದವಾದ ಬಾಲವೊಂದುಂಟು. ಮನುಷ್ಯನಲ್ಲಿ ಆ ಬಾಲಕ್ಕೆ ಹತ್ತು ಗಣ್ಣು, ಇಲಿಯಲ್ಲಿ ಮುಖ್ಯವಾಗಿ ಒಂಬತ್ತು, ಹುದುಗಿನ ಯೀಸ್ಟಿನಲ್ಲಿ ಆರು. ಕೊಬ್ಬಿನಲ್ಲಲ್ಲದೆ ನೀರಿನಲ್ಲಿ ಕರಗದ ಈ ಸೋದರ ದ್ರವ್ಯಗಳನ್ನು ಸಾಮಾನ್ಯ ಶೋಧಕಾಗದದ ಮೇಲೆ ಬೇರ್ಪಡಿಸುವುದು ಕಷ್ಟವಾದ್ದರಿಂದ, ರಾಬರ್ಟ್ ಲೆಸ್ಟರ್ ಮತ್ತು ರಾಮಶರ್ಮರು ಕಾಗದಕ್ಕೆ ಮೊದಲು ಸಿಲಿಕೋನನ್ನು ಊಡಿಸಿದರು. ಆಗ ಗಿಡ್ಡ ಬಾಲದ ಅಣು ದ್ರಾವಕದೊಡನೆ ಮುಂದೆ ಸಾಗುತ್ತದೆ, ಉದ್ದ ಬಾಲದ್ದು ಸಿಲಿಕೋನಿಗೆ ಅಂಟಿಕೊಂಡು ಹಿಂದೆ ಉಳಿಯುತ್ತದೆ. 1959ರಲ್ಲಿ ಪ್ರಕಟವಾದ ಈ ವಿಧಾನವು ಹಲವು ಪುಟಗಳ ಸಿದ್ಧಾಂತಚರ್ಚೆಗಿಂತ ಹೆಚ್ಚು ಉಪಯೋಗಕ್ಕೆ ಬಂದಿತೆಂದು ನನ್ನ ಎಣಿಕೆ. ಬೆಂಗಳೂರಿಗೆ ಮರಳಿದ ಮೇಲೆ ರಾಮಶರ್ಮರ ಶಿಷ್ಯಮಂಡಲಿಯು ಎ ಜೀವಸತ್ತ್ವದ ಕೊರತೆಯುಳ್ಳ ಇಲಿಯ ಯಕೃತ್ತಿನಲ್ಲಿ ಯುಬಿಕ್ವಿನೋನ್ ಏರುವುದನ್ನು ಕಂಡುಕೊಂಡದ್ದು ಇಂತಹ ಅಳತೆಯ ಕೌಶಲದಿಂದಲೇ.

ಯುಬಿಕ್ವಿನೋನಿನಿಂದ ಪೆರಾಕ್ಸೈಡಿಗೆ ಇರುವ ದಾರಿ ಹತ್ತಿರದ್ದು. ಕ್ವಿನೋನ್ ಒಂದೊಂದಾಗಿ ಎರಡು ಇಲೆಕ್ಟ್ರಾನುಗಳನ್ನು ಪಡೆಯುತ್ತದೆ. ಒಂದನ್ನು ಮಾತ್ರ ಪಡೆದು ಇನ್ನೊಂದನ್ನು ಕಾಯುವ ಮಧ್ಯಾವಸ್ಥೆಯಲ್ಲಿ ಅದು ತನ್ನ ಇಲೆಕ್ಟ್ರಾನನ್ನು ಆಮ್ಲಜನಕಕ್ಕೆ ಒಪ್ಪಿಸಿಬಿಟ್ಟರೆ ಸೂಪರಾಕ್ಸೈಡ್ ಹುಟ್ಟುತ್ತದೆ, ಎರಡು ಸೂಪರಾಕ್ಸೈಡುಗಳು ಕೂಡಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಈ ಕೊನೆಯ ಮಾರ್ಪಾಟನ್ನು ತ್ವರೆಗೊಳಿಸುವ ಡಿಸ್ಮ್ಯುಟೇಸ್ ಕಿಣ್ವವನ್ನು ಮೆಕಾರ್ಡ್ ಮತ್ತು ಫ್ರಿಡೊವಿಚ್ 1969ರಲ್ಲಿ ಕಂಡುಹಿಡಿದರು. ಪೆರಾಕ್ಸೈಡನ್ನು ಕಿಣ್ವಗಳು ಸಕಾಲದಲ್ಲಿ ವಿಸರ್ಜಿಸದಿದ್ದರೆ ಪೊರೆಯ ಕೊಬ್ಬು ಕೆಡುತ್ತದೆ. ಕುಸುಬಿ ಎಣ್ಣೆಯ ಡಬ್ಬಿಯ ಬಾಯಂಚಿನಲ್ಲಿ ಕಾಲಕ್ರಮದಲ್ಲಿ ಕಟ್ಟುವ ಅಂಟಂಟಾದ ಪದರವೂ ಅದೇ ಜಾತಿಯ ಕ್ರಿಯೆಯ ಫಲ. ಆ ಎಣ್ಣೆಯ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲವಾಗಿರುವುದರಿಂದ ಗಾಳಿಯ ಆಮ್ಲಜನಕವು ಅದನ್ನು ಬಲುಬೇಗ ಹಿಡಿಯುತ್ತದೆ. 1982ರಲ್ಲಿ ಜೈವಿಕ ಪೊರೆಗಳಲ್ಲಿ ಪೆರಾಕ್ಸೈಡಿನ ಉತ್ಪತ್ತಿಯನ್ನು ಕುರಿತು ರಾಮಶರ್ಮರು ಬರೆದ ದೀರ್ಘ ಸಮೀಕ್ಷೆಯು ಈ ಉತ್ಪತ್ತಿಯನ್ನು ಅಪಘಾತವೆಂದು ಬದಿಗೊತ್ತದೆ ಜೀವಕೋಶದ ನಿತ್ಯವ್ಯವಹಾರದ ಭಾಗವಾಗಿ ಪರಿಶೀಲಿಸಿತು.

ಅವರ ವಿಚಾರಸರಣಿಯ ನಿಜವಾದ ಪರೀಕ್ಷೆ ನಡೆದದ್ದು ಉಷ್ಣಪ್ರಯೋಗದಲ್ಲಿ. ಚೈತ್ರ ವೈಶಾಖಗಳಲ್ಲಿ ನಾಗಾವಿಯ ಬಯಲಿಗೆ ಅಪರಿಚಿತವಲ್ಲದ 39 ಡಿಗ್ರಿ ಸೆಲ್ಸಿಯಸ್‌ನ ಸೆಕೆಯಲ್ಲಿ ಇಲಿಗಳನ್ನು ದಿನಗಟ್ಟಲೆ ಇರಿಸಿ, ತರುವಾಯ ಅವುಗಳ ಅಂಗಾಂಗಗಳ ಮೈಟೊಕಾಂಡ್ರಿಯಗಳನ್ನು ಬೇರ್ಪಡಿಸಿ, ಆನಂದ್ ಸ್ವರೂಪ್ ಮತ್ತು ರಾಮಶರ್ಮರು ಪೆರಾಕ್ಸೈಡಿನ ಉತ್ಪತ್ತಿಯನ್ನು ಅಳೆದರು. ಬೇಗೆಯು ದೇಹಕ್ಕೆ ಕ್ಲೇಶಕರವಾದ್ದರಿಂದ ಪೆರಾಕ್ಸೈಡ್ ಹೆಚ್ಚಬೇಕೆಂದು ಯಾರಾದರೂ ಊಹಿಸುವರು. ಫಲಿತಾಂಶವು ಅದಕ್ಕೆ ವಿಪರೀತವಾಗಿದ್ದಿತು: ಯಕೃತ್ತಿನಲ್ಲಿ ಎರಡು ಮೂರು ದಿನಗಳೊಳಗೆ ಉತ್ಪತ್ತಿಯು ಅರ್ಧಕ್ಕೆ ಇಳಿಯಿತು, ಮುಂದೆ ಇನ್ನೂ ಇಳಿಯಿತು, ಹೃದಯದಲ್ಲಿಯೂ ಮೂತ್ರಪಿಂಡದಲ್ಲಿಯೂ ಇಂತಹ ಇಳಿತವಿರಲಿಲ್ಲ. ಥೈರಾಯ್ಡ್ ಗ್ರಂಥಿಯ ವ್ಯಾಪಾರ ಕುಂದಿದ ಇಲಿಗಳ ಯಕೃತ್ತಿನಲ್ಲಿಯೂ ಇದೇ ಇಳಿತ ತೋರಿತು. ಅಂದರೆ ದೂರದ ಗ್ರಂಥಿಯೊಂದರ ಸ್ಥಿತಿಯನ್ನು ಅನುಸರಿಸಿ, ಒಂದು ಅಂಗದಲ್ಲಿ ಮಾತ್ರ ಏರಿಳಿಯುವ ದ್ರವ್ಯವಿದು. ಅಂತಹುದನ್ನು ಬರಿಯ ಸೋರಿಕೆಯೆನ್ನುವುದು ಹೇಗೆ? ಈ ಪ್ರಬಂಧವು ಅಚ್ಚಾದ 1985ರಲ್ಲಿಯೇ ಹೆಲ್ಮುಟ್ ಸೀಸ್ ಸಂಪಾದಿಸಿದ ಗ್ರಂಥವು ‘ಆಕ್ಸಿಡೇಟಿವ್ ಸ್ಟ್ರೆಸ್’ ಎಂಬ ಕಲ್ಪನೆಗೆ ಲಕ್ಷಣವನ್ನು ಹೇಳಿ ಲೋಕಪ್ರಸಿದ್ಧಿಯನ್ನು ತಂದಿತು. ಲೋಕವು ಎರಡನೆಯದನ್ನು ಕೈಗೆತ್ತಿಕೊಂಡಿತು. ಮೊದಲನೆಯದನ್ನು ಓದಿದವರು ಕೆಲವರೇ. ಉತ್ಕರ್ಷಣನಿರೋಧಕ ಗುಳಿಗೆಗಳ ವ್ಯಾಪಾರವು ಬೆಳೆದು, 1994ರಲ್ಲಿ ಫಿನ್ಲೆಂಡಿನ 29,133 ಮಂದಿ ಧೂಮಪಾನಿಗಳ ಪರೀಕ್ಷೆಯಲ್ಲಿ ಬೀಟಾ ಕ್ಯಾರೊಟೀನ್ ಸೇವಿಸಿದವರಿಗೆ ಶ್ವಾಸಕೋಶದ ಅರ್ಬುದವು ಶೇಕಡ 18ರಷ್ಟು ಅಧಿಕವಾಗಿ ಕಂಡುಬಂದ ಮೇಲೆ, ಉಗ್ರ ರೂಪಗಳನ್ನು ಅಡಗಿಸಿದಷ್ಟೂ ಒಳ್ಳೆಯದೆಂಬ ನಂಬಿಕೆ ಅಲುಗಿತು.

ವೆನೇಡಿಯಮ್ಮಿನ ಪ್ರಕರಣದಲ್ಲಿ ರಾಮಶರ್ಮರು ವಿವಾದಕ್ಕೂ ಸಿಕ್ಕಿದರು. ಕುದುರೆಯ ಸ್ನಾಯುವಿನಿಂದ ತಯಾರಿಸಿದ ಎಟಿಪಿಯಲ್ಲಿ ವೆನಡೇಟ್ ಕಲ್ಮಷವಾಗಿ ಸೇರಿಕೊಂಡು, ಸೋಡಿಯಂ ಪಂಪಿನ ಕಿಣ್ವವನ್ನು ತಡೆಯುತ್ತದೆಂಬುದು 1977ರಲ್ಲಿ ತಿಳಿದುಬಂದ ಬಳಿಕ ಈ ಲೋಹದ ಮೇಲೆ ಜೀವರಸಾಯನಜ್ಞರ ಕಣ್ಣು ಬಿದ್ದಿತು. ರಾಮಶರ್ಮರೂ ಹಳೆಯ ಒಡನಾಡಿ ಕ್ರೇನರೂ ಕೂಡಿ, ಕೆಂಪು ರಕ್ತಕಣದ ಪೊರೆಗೆ ವೆನಡೇಟನ್ನು ಸೇರಿಸಿದರೆ ಎನ್‌ಎಡಿಎಚ್ ವೇಗವಾಗಿ ಉತ್ಕರ್ಷಿತವಾಗಿ ಪೆರಾಕ್ಸೈಡ್ ಹುಟ್ಟುವುದನ್ನು 1984ರಲ್ಲಿ ತೋರಿಸಿದರು. ಇದನ್ನು ಪೊರೆಯಲ್ಲಿರುವ ಕಿಣ್ವವೊಂದರ ಕಾರ್ಯವೆಂದು ಬೆಂಗಳೂರಿನವರು ಬಗೆದರು. ಇದು ಸೂಪರಾಕ್ಸೈಡಿನಿಂದ ಚಾಲನೆಗೊಂಡ ಸರಪಳಿಕ್ರಿಯೆಯೇ ಹೊರತು ಪ್ರತ್ಯೇಕ ಕಿಣ್ವದ ಕೆಲಸವಲ್ಲವೆಂದು ಲಿಯೊಚೆವ್ ಮತ್ತು ಫ್ರಿಡೊವಿಚ್ ವಾದಿಸಿದರು. ಡಿಸ್ಮ್ಯುಟೇಸನ್ನು ಬೆರೆಸಿದೊಡನೆ ಕ್ರಿಯೆಯು ನಿಂತುಹೋಗುವುದರಿಂದ ಎದುರು ಪಕ್ಷಕ್ಕೆ ಬಲವಿತ್ತೆಂದು ಒಪ್ಪಬೇಕು. ಆದರೆ ರಾಮಶರ್ಮರು ಹಟಕ್ಕೆ ಬೀಳದೆ, ವೆನಡೇಟೂ ಪೆರಾಕ್ಸೈಡೂ ಸೇರಿ ಹುಟ್ಟುವ ಪೆರಾಕ್ಸೊವೆನಡೇಟುಗಳ ಗುಣವನ್ನು ಶೋಧಿಸುವತ್ತ ತಿರುಗಿದರು. ಈ ಸಂಯುಕ್ತಗಳಲ್ಲಿ ಪೆರಾಕ್ಸೈಡ್ ಸ್ಥಿರವಾಗಿ ನಿಂತು, ಜೀವಕೋಶದಲ್ಲಿ ಅದರ ಕಾರ್ಯವನ್ನು ಪ್ರತ್ಯೇಕವಾಗಿ ಪರೀಕ್ಷಿಸಲು ಅನುವಾಗುತ್ತದೆ. ಮೂಲ ಕಿಣ್ವವಾದಕ್ಕಿಂತ ಇದೇ ಹೆಚ್ಚು ಬಾಳಿಕೆಯ ಕೊಡುಗೆಯೆಂದು ನನ್ನ ಅಭಿಮತ.

ಅದೇ ಸಂಸ್ಥೆಯ ರಸಾಯನ ವಿಭಾಗದ ಜಿ. ಮುಗೇಶರು ಪೆರಾಕ್ಸೈಡನ್ನು ವಿಸರ್ಜಿಸುವ ಸೆಲೆನಿಯಮ್ ಕಿಣ್ವವಾದ ಗ್ಲೂಟಥಯೋನ್ ಪೆರಾಕ್ಸಿಡೇಸಿನ ಅನುಕರಣೆಗಳನ್ನು ರೂಪಿಸುತ್ತ ಬಂದವರು. ಅವರು ಪ್ಯಾಟ್ರಿಕ್ ಡಿಸಿಲ್ವ ಮೊದಲಾದವರೊಡನೆ 2014ರಲ್ಲಿ ಪ್ರಕಟಿಸಿದ ಶೋಧದಲ್ಲಿ ಕೇಂದ್ರಸ್ಥಾನದಲ್ಲಿದ್ದದ್ದು ವೆನೇಡಿಯಮ್ ಪೆಂಟಾಕ್ಸೈಡಿನ ಸೂಕ್ಷ್ಮ ತಂತುಗಳು. ಗ್ಲೂಟಥಯೋನ್ ಜೊತೆಗಿದ್ದಾಗ ಆ ತಂತುಗಳು ಪೆರಾಕ್ಸೈಡನ್ನು ನೀರಾಗಿಸಿ ಜೀವಕೋಶವನ್ನು ರಕ್ಷಿಸಿದವು. ಒಂದೇ ಆವರಣದೊಳಗೆ, ಮೂರು ದಶಕಗಳ ಅಂತರದಲ್ಲಿ, ಒಂದು ಪ್ರಯೋಗಾಲಯವು ಈ ಲೋಹದಿಂದ ಪೆರಾಕ್ಸೈಡ್ ಹುಟ್ಟುವುದನ್ನು ಅಳೆಯಿತು, ಇನ್ನೊಂದು ಅದು ಅಳಿಯುವುದನ್ನು ಅಳೆಯಿತು. ಎರಡಕ್ಕೂ ಕಾರಣವಾದ ವ್ಯತ್ಯಾಸವಿರುವುದು ಲೋಹದಲ್ಲಲ್ಲ. ಎನ್‌ಎಡಿಎಚ್ ಇತ್ತೋ ಗ್ಲೂಟಥಯೋನ್ ಇತ್ತೋ, ಲೋಹವು ಕರಗಿದ ವೆನಡೇಟಾಗಿತ್ತೋ ಘನ ತಂತುವಾಗಿತ್ತೋ ಎಂಬುದರಲ್ಲಿ.